ಒಂದೇ ದ್ರಾಕ್ಷಿ, ಎರಡು ಪಾನೀಯ



ಗ್ರೀಸಿನ ನೆರೆಯ ಪುಟ್ಟ ದೇಶ ಅಲ್ಬೇನಿಯ. ಅಲ್ಲಿನ ಬೆರಾತ್ ಪಟ್ಟಣ 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೋಟೆ ನೋಡಲು ಬಂದವರು ಸುತ್ತಲಿನ ದ್ರಾಕ್ಷಿ ತೋಟಗಳಿಗೂ ಹೋಗುತ್ತಾರೆ. ಅಲ್ಲಿ ಕುಟುಂಬಗಳೇ ನಡೆಸುವ ವೈನರಿಗಳಿವೆ. ತೋಟ ತೋರಿಸುವವರು, ಗ್ಲಾಸು ತುಂಬುವವರು, ಲೆಕ್ಕ ಬರೆಯುವವರು ಎಲ್ಲ ಒಂದೇ ಮನೆಯವರು.

ಅಲ್ಲಿ ದ್ರಾಕ್ಷಿ ಕೃಷಿ ಬಹಳ ಹಳೆಯದು. ಒಡೆತನ ಮಾತ್ರ ಹೊಸದು. ಎನ್ವರ್ ಹೋಜಾ ಅವರ ಕಮ್ಯುನಿಸ್ಟ್ ಆಡಳಿತದಲ್ಲಿ ಜಮೀನೆಲ್ಲ ಸಾಮೂಹಿಕ ಬೇಸಾಯಕ್ಕೆ ಸೇರಿತ್ತು; ವೈನು ಸರ್ಕಾರಿ ಕಾರ್ಖಾನೆಯ ಸರಕಾಗಿತ್ತು. 1991ರ ಭೂಕಾನೂನು ಆ ಜಮೀನನ್ನು ರೈತ ಕುಟುಂಬಗಳಿಗೆ ಹಂಚಿತು. ಆ ಬದಲಾವಣೆಯ ಗೊಂದಲದಲ್ಲಿ ಎಷ್ಟೋ ತೋಟಗಳು ಹಾಳುಬಿದ್ದವು. ಆಮೇಲೆ ಕೆಲವು ಕುಟುಂಬಗಳು ಊರಿನ ತಳಿಗಳನ್ನೇ ಹುಡುಕಿ ಮತ್ತೆ ಬೆಳೆಸಿದವು: ಬೆರಾತ್ ಸೀಮೆಯ ಬಿಳಿ ಪುಲೆಸ್, ಟಿರಾನಾ ಸುತ್ತಿನ ಶೇಶ್, ಉತ್ತರದ ಕೆಂಪು ಕಲ್ಮೆಟ್.

ಸೆಪ್ಟೆಂಬರ್ ಹೊತ್ತಿಗೆ ದ್ರಾಕ್ಷಿ ಕೊಯ್ಲು. ಬಿಳಿ ವೈನಿಗೆ ರಸವನ್ನು ಹಿಂಡಿ ಬೇರ್ಪಡಿಸಿ ಹುಳಿಯಲು ಬಿಡುತ್ತಾರೆ. ಕೆಂಪು ವೈನಿಗೆ ಸಿಪ್ಪೆಯೂ ರಸದೊಡನೆ ಹುಳಿಯಬೇಕು. ಬಣ್ಣ, ಒಗರು ಬರುವುದು ಸಿಪ್ಪೆಯಿಂದಲೇ. ವೈನು ತೆಗೆದ ಮೇಲೆ ಉಳಿಯುವ ಹಿಪ್ಪೆಯನ್ನೂ ಎಸೆಯುವುದಿಲ್ಲ. ಅದರಿಂದ ಭಟ್ಟಿ ಇಳಿಸುವ ಮದ್ಯವೇ ರಾಕಿ. ಹಲವರು ಇಡೀ ಹಣ್ಣನ್ನೇ ಹುಳಿಯಿಸಿ ರಾಕಿ ಇಳಿಸುವುದೂ ಉಂಟು.

ರಾಕಿ ಇಳಿಸುವ ತಾಮ್ರದ ಹಂಡೆಗೆ ಅಲ್ಲಿ ಕಜಾನ್ ಎನ್ನುತ್ತಾರೆ. ಹುಳಿತದ್ದನ್ನು ಹಂಡೆಗೆ ಸುರಿದು, ಆವಿ ಸೋರದಂತೆ ಮುಚ್ಚಳ ಬಿಗಿದು, ಸಣ್ಣ ಉರಿ ಹಚ್ಚುತ್ತಾರೆ. ನೀರು ಕುದಿಯುವುದು 100 ಡಿಗ್ರಿಗೆ, ಮದ್ಯಸಾರ 78ಕ್ಕೆ. ಹಾಗಾಗಿ ಮೇಲೇಳುವ ಆವಿಯಲ್ಲಿ ಮದ್ಯಸಾರದ ಪಾಲೇ ಹೆಚ್ಚು. ಆ ಆವಿ ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಹಾಯ್ದು, ತಂಪಾಗಿ ಹನಿಹನಿಯಾಗಿ ಇಳಿಯುತ್ತದೆ. ತಾಮ್ರಕ್ಕೂ ಇಲ್ಲಿ ಕೆಲಸವಿದೆ: ಕೆಟ್ಟ ವಾಸನೆಯ ಗಂಧಕದ ಅಂಶಗಳನ್ನು ಅದು ಹಿಡಿದಿಡುತ್ತದೆ.

ಮೊದಲು ಇಳಿಯುವ ಘಾಟು ಭಾಗವನ್ನು ಬೇರೆ ತೆಗೆಯುತ್ತಾರೆ. ಅದು ಕುಡಿಯಲು ತಕ್ಕದ್ದಲ್ಲ. ಕೊನೆಯ ಸಪ್ಪೆ ಭಾಗವನ್ನೂ ಬೆರೆಸುವುದಿಲ್ಲ. ನಡುವಿನದೇ ರಾಕಿ. ಎಲ್ಲಿ ತೊಡಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹಿರಿಯರು ಮೂಗು, ನಾಲಿಗೆಯಿಂದಲೇ ಹೇಳಬಲ್ಲರು. ಉರಿ ಜೋರಾದರೆ ತಳ ಸೀದು, ಇಡೀ ಹಂಡೆಯ ರಾಕಿಗೆ ಸೀಕಲು ವಾಸನೆ ಹತ್ತುತ್ತದೆ. ದ್ರಾಕ್ಷಿಯಷ್ಟೇ ಅಲ್ಲ, ಹಿಪ್ಪುನೇರಳೆ ಹಣ್ಣಿನ ರಾಕಿಗೂ ಅಲ್ಲಿ ಒಳ್ಳೆಯ ಹೆಸರಿದೆ.

ಹಳ್ಳಿಯ ಮನೆಗೆ ಹೋದವರಿಗೆ ಕಾಫಿಯ ಜೊತೆ ರಾಕಿಯನ್ನೂ ಕೊಡುವುದು ವಾಡಿಕೆ, ಬೆಳಿಗ್ಗೆಯಾದರೂ ಸರಿ. ವೈನರಿಯಲ್ಲಾದರೆ ಚೀಸ್, ಆಲಿವ್, ಬ್ರೆಡ್ಡೂ ಮೇಜಿಗೆ ಬರುತ್ತವೆ. ರಾಕಿಯಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 40ಕ್ಕಿಂತ ಹೆಚ್ಚು. ಆದ್ದರಿಂದ ಅದನ್ನು ಗುಟುಕು ಗುಟುಕಾಗಿಯೇ ಹೀರಬೇಕು. ರುಚಿ ನೋಡಿದವರು ಕಾರು ಓಡಿಸಬಾರದು.

ಅಲ್ಲಿಗೆ ಹೋಗುವವರು ಊರಿನ ತಳಿಯ ವೈನನ್ನೇ ಕೇಳಿ ಪಡೆಯಿರಿ. ಮೆರ್ಲೊ ದ್ರಾಕ್ಷಿಯ ವೈನು ಎಷ್ಟೋ ದೇಶಗಳಲ್ಲಿ ಸಿಗುತ್ತದೆ. ಪುಲೆಸ್ ಸವಿಯಲು ಬೆರಾತಿಗೇ ಹೋಗಬೇಕು.