ಬನಹಟ್ಟಿಗೆ ಒಂದು ಟಿಕೆಟ್

ಜಮಖಂಡಿಯಲ್ಲಿ ಒಬ್ಬ ಹುಡುಗ ಬಸ್ಸು ಹತ್ತಿದ ಅಂದುಕೊಳ್ಳಿ. ‘ಎಲ್ಲಿಗೆ ಹೊಂಟೀ ತಮ್ಮಾ?’ ಅಂತಾರೆ ಕಂಡಕ್ಟರ್. ಹೋಗಬೇಕಾದದ್ದು ಬನಹಟ್ಟಿಗೆ. ಆದರೆ ‘ಬ’ ಹತ್ತಿರ ತುಟಿ ಅಂಟಿಕೊಂಡುಬಿಟ್ಟಿತು. ಹಿಂದಿದ್ದವರು ಗೊಣಗಿದರು. ಹುಡುಗ ತಟ್ಟನೆ ‘ರಬಕವಿ’ ಅಂದ. ಆ ಪಕ್ಕದೂರಿನಲ್ಲೇ ಇಳಿದು ಮನೆಗೆ ನಡೆದ. ಉಗ್ಗು ಇರುವವರು ಕಷ್ಟದ ಪದ ತಪ್ಪಿಸಲು ಇಂಥ ಉಪಾಯ ಹೂಡುವುದುಂಟು.

ಬಜೆ ತೇದು ನಾಲಿಗೆಗೆ ಹಚ್ಚಿದರೆ ಮಾತು ತಿಳಿಯಾಗುತ್ತದೆ ಅಂತ ಅಜ್ಜಿಯರು ಹೇಳುತ್ತಾರೆ. ಪಾಪ, ಉಗ್ಗಿನಲ್ಲಿ ನಾಲಿಗೆಯದೇನೂ ತಪ್ಪಿಲ್ಲ! ರಬಕವಿ-ಬನಹಟ್ಟಿಯ ಮಗ್ಗ ನೋಡಿದ್ದೀರಲ್ಲ? ಹಾಸಿನ ಎಳೆಗಳು ಬಾಯಿ ಬಿಟ್ಟ ಗಳಿಗೆಗೇ ಲಾಳಿ ಹಾಯಬೇಕು. ಚೂರು ಹಿಂದುಮುಂದಾದರೆ ಎಳೆ ಹರಿಯುತ್ತದೆ. ಮಾತಿಗೂ ಅಷ್ಟೇ. ಉಸಿರು, ಗಂಟಲಿನ ಧ್ವನಿತಂತು, ನಾಲಿಗೆ, ತುಟಿ ಎಲ್ಲಕ್ಕೂ ಮಿದುಳು ಹೊತ್ತು ಕೂಡಿಸಿ ಅಪ್ಪಣೆ ಕೊಡಬೇಕು. ಉಗ್ಗಿನಲ್ಲಿ ಆ ಹೊತ್ತು ತುಸು ತಪ್ಪುತ್ತದೆ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗಿ, ಹೆಚ್ಚಿನ ಮಕ್ಕಳಲ್ಲಿ ಹೊರಟೂ ಹೋಗುತ್ತದೆ. ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ.

ಮಜಾ ಕೇಳಿ: ಅದೇ ಹುಡುಗ ಭಜನೆಯಲ್ಲಿ ಎಲ್ಲರ ಜತೆ ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ತಾಳ ಮುಂದೆ ನಿಂತು ಕೈ ಹಿಡಿಯುತ್ತದೆ, ಸ್ವರವೂ ಉದ್ದವಾಗುತ್ತದೆ. ವಾಕ್ ಚಿಕಿತ್ಸಕರು ಕಲಿಸುವ ಒಂದು ತಂತ್ರವೂ ಸ್ವರ ಎಳೆಯುವುದೇ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಈ ತಂತ್ರ ಬಳಕೆಯಲ್ಲಿದೆ.

ನೀವೂ ಮಾಡಿ ನೋಡಿ. ‘ಮುಧೋಳ’ ಅನ್ನಿ. ತುಟಿ ಮುಚ್ಚಿದ್ದರೂ ಮೂಗಿನಿಂದ ‘ಮ್‌ಮ್‌’ ಅಂತ ದುಂಬಿಯ ಹಾಗೆ ಎಳೆಯಬಹುದು. ‘ಬ’ ಹಾಗಲ್ಲ, ತುಟಿ ಮುಚ್ಚಿತೋ, ದಾರಿಯೇ ಬಂದ್. ಗಟ್ಟಿಯಾಗಿ ಒತ್ತಿದಷ್ಟೂ ಬಿಗಿ ಹೆಚ್ಚು. ಅದಕ್ಕೇ ಮೊದಲು ಉಸಿರನ್ನು ಮೆಲ್ಲಗೆ ಬಿಡಬೇಕು, ತುಟಿಗೆ ತುಟಿ ಹೂವು ತಾಕಿದಷ್ಟೇ ತಾಕಿಸಬೇಕು, ಆಮೇಲೆ ಸ್ವರ ಎಳೆಯಬೇಕು: ‘ಬಽಽನಹಟ್ಟಿ’. ಬೀಳಗಿಯವರ ಅದೃಷ್ಟ ನೋಡಿ, ಅವರ ಊರಿನ ಹೆಸರಲ್ಲಿ ದೀರ್ಘ ಮೊದಲೇ ಇದೆ!

ಮೊದಮೊದಲು ಹೀಗೆ ಎಳೆದ ಮಾತು ನಾಟಕದ ಹಾಗೆ ಕೇಳಿಸುತ್ತದೆ, ಹುಡುಗರಿಗೆ ನಾಚಿಕೆಯೂ ಆಗುತ್ತದೆ. ದಿನಾ ಅಭ್ಯಾಸ ಮಾಡುತ್ತ ಎಳೆತವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾರೆ. ಉಗ್ಗು ಪೂರ್ತಿ ಮಾಯವಾಗಲಿಕ್ಕಿಲ್ಲ. ಸಿಕ್ಕಿಕೊಂಡಾಗ ಬಿಡಿಸಿಕೊಳ್ಳುವ ದಾರಿಯಂತೂ ಗೊತ್ತಿರುತ್ತದೆ.

ಬಸ್ಸಿನಲ್ಲಿ ನಿಮ್ಮ ಪಕ್ಕದವನು ‘ಬ’ ಹತ್ತಿರ ನಿಂತರೆ ‘ಬನಹಟ್ಟಿ’ ಅಂತ ನೀವೇ ಹೇಳಿಬಿಡಬೇಡಿ. ಅವನ ಟಿಕೆಟ್ ಅವನೇ ಕೇಳಲಿ.