ಆಟಿಸಂ ಇರುವ ಮಗುವಿನ ಪಾಲನೆಯಲ್ಲಿ ಸಂಘದ ಪಾತ್ರ

(ಸ್ವ-ಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಸಭೆಗಳಲ್ಲಿ ಉಳಿತಾಯ, ಸಾಲ, ಮರುಪಾವತಿ, ಹೈನುಗಾರಿಕೆ ಇವುಗಳ ಬಗ್ಗೆ ಮಾತಾಡ್ತೇವೆ. ಇವತ್ತು ಅಪರೂಪಕ್ಕೂ ಮಾತಾಡದ ಒಂದು ವಿಷಯವನ್ನು ತೆಗೆದುಕೊಂಡಿದ್ದೇನೆ. ಅದು ಆಟಿಸಂ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ. ಹೆಸರು ಹೊಸದಾಗಿ ಕೇಳಿಸಬಹುದು, ಆದರೆ ಇಂಥ ಮಕ್ಕಳು ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಅವರನ್ನು ನಾವು "ಮೂಗ", "ಹುಚ್ಚು", "ಹಟಮಾರಿ" ಅಂತ ಕರೆದು ಸುಮ್ಮನಾಗಿದ್ದೇವೆ.

ಆಟಿಸಂ ಎಂದರೇನು? ಇದು ಅಂಟುರೋಗವಲ್ಲ, ಹುಚ್ಚೂ ಅಲ್ಲ. ಮಗುವಿನ ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಇದು. ಇದರಿಂದಾಗಿ ಮಗುವಿಗೆ ಮಾತು, ಇತರರೊಡನೆ ಬೆರೆಯುವುದು, ಬೇರೆಯವರ ಮನಸ್ಸನ್ನು ತಿಳಿಯುವುದು ಕಷ್ಟವಾಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ಕೈ ಬಡಿಯುವುದು, ಗಿರಗಿರ ತಿರುಗುವುದು, ಆಟದ ಸಾಮಾನು, ಚಪ್ಪಲಿಗಳನ್ನು ಸಾಲಾಗಿ ಜೋಡಿಸುವುದು ಹೀಗೆ. ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಮಾತೇ ಬರುವುದಿಲ್ಲ, ಕೆಲವರು ಚೆನ್ನಾಗಿ ಓದಿ ಉದ್ಯೋಗಕ್ಕೂ ಹೋಗುತ್ತಾರೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚಾಗಿ ಪತ್ತೆಯಾಗುತ್ತದೆ.

ಗುರುತಿಸುವುದು ಹೇಗೆ?

ಮಗುವಿಗೆ ಒಂದು ವರ್ಷವಾಗುವ ಹೊತ್ತಿಗೆ ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು. ಒಂದೂವರೆ ವರ್ಷಕ್ಕೆ ಬೆರಳು ಮಾಡಿ "ಅಗೋ ಕಾಗೆ" ಎಂಬಂತೆ ನಮಗೆ ತೋರಿಸಬೇಕು. ಎರಡು ವರ್ಷಕ್ಕೆ "ಅಮ್ಮ ಬಾ", "ನೀರು ಬೇಕು" ಅಂತ ಎರಡು ಪದ ಸೇರಿಸಿ ಹೇಳಬೇಕು. ಇವು ಇಲ್ಲದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೆಲವು ಮಕ್ಕಳು ಕರೆದರೆ ತಿರುಗುವುದಿಲ್ಲ, ಆದರೆ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿ ಬರುತ್ತವೆ. ಅಂಥ ಮಗುವಿಗೆ ಕಿವಿ ಕೇಳಿಸುತ್ತದೆ, ತೊಂದರೆ ಬೇರೆ ಕಡೆ ಇದೆ.

ಎಲ್ಲಿಗೆ ಹೋಗಬೇಕು? ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆ ನಡೆಯುತ್ತದೆ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಪರೀಕ್ಷೆ, ತರಬೇತಿ ದೊರೆಯುತ್ತದೆ. ತರಬೇತಿ ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ಒಳ್ಳೆಯದು.

ಯಾರ ತಪ್ಪು?

ಇದು ಬಹಳ ಮುಖ್ಯ, ಗಮನವಿಟ್ಟು ಕೇಳಿ. ಮಗುವಿಗೆ ಹೀಗಾಗಿದೆ ಎಂದ ಕೂಡಲೇ ಬೆರಳು ತಿರುಗುವುದು ತಾಯಿಯ ಕಡೆಗೆ. "ಬಸುರಿಯಾಗಿದ್ದಾಗ ಗ್ರಹಣ ನೋಡಿದಳು", "ಮಗುವಿನ ಜೊತೆ ಮಾತೇ ಆಡಲ್ಲ", "ಮೊಬೈಲ್ ಕೊಟ್ಟು ಕೂರಿಸಿದಳು", "ಅವಳ ತವರಿನ ಕಡೆಯಿಂದ ಬಂದದ್ದು" ಅಂತ ಹೇಳ್ತಾರೆ. ಹಿಂದೆ ಹೊರದೇಶದ ದೊಡ್ಡ ದೊಡ್ಡ ವೈದ್ಯರೇ ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಎಂದಿದ್ದರು. ಅದು ಸುಳ್ಳು ಎಂದು ಆಮೇಲಿನ ಸಂಶೋಧನೆ ತೋರಿಸಿತು. ಇದರಲ್ಲಿ ಹುಟ್ಟಿನಿಂದ ಬರುವ ವಂಶವಾಹಿಗಳ ಪಾತ್ರ ದೊಡ್ಡದು. ಅವು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ, ಕೆಲವೊಮ್ಮೆ ಮಗುವಿನಲ್ಲೇ ಹೊಸದಾಗಿ ಬದಲಾಗುತ್ತವೆ. ಮೊಬೈಲಿನಿಂದ ಆಟಿಸಂ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಆದರೆ ಮೊಬೈಲ್ ಹಿಡಿದ ಮಗುವಿನ ಜೊತೆ ಮಾತು, ಆಟ ಕಡಿಮೆಯಾಗುವುದರಿಂದ ಅದನ್ನು ದೂರ ಇಡುವುದು ಒಳ್ಳೆಯದು.

ಚುಚ್ಚುಮದ್ದಿನಿಂದ ಆಟಿಸಂ ಬರುತ್ತದೆ ಎಂಬ ಸುದ್ದಿಯೂ ಇದೆ. 1998ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ಬರೆದ ಲೇಖನದಿಂದ ಈ ಹೆದರಿಕೆ ಹಬ್ಬಿತು. ಆ ಪತ್ರಿಕೆಯೇ 2010ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆಯಿತು. ಆದ್ದರಿಂದ ಮಕ್ಕಳಿಗೆ ದಡಾರ ಮುಂತಾದ ಚುಚ್ಚುಮದ್ದು ತಪ್ಪಿಸಬೇಡಿ.

ಯೊವಾನ್ನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ಕಂಡ ಶಿಷ್ಯರು, ಇದು ಯಾರು ಮಾಡಿದ ಪಾಪ, ಇವನದೋ ಇವನ ಹೆತ್ತವರದೋ ಎಂದು ಕೇಳುತ್ತಾರೆ. ಯೇಸುಸ್ವಾಮಿ ಇವೆರಡನ್ನೂ ಒಪ್ಪುವುದಿಲ್ಲ. ನಾವು ಯಾವ ಧರ್ಮದವರೇ ಆಗಿರಲಿ, ಈ ಪ್ರಶ್ನೆ ಕೇಳುವುದನ್ನು ಇನ್ನಾದರೂ ಬಿಡೋಣ. ಪ್ರಾರ್ಥನೆ, ಹರಕೆ ಮನಸ್ಸಿಗೆ ಧೈರ್ಯ ಕೊಡುತ್ತವೆ. ಆದರೆ ಅದಕ್ಕಾಗಿ ತರಬೇತಿ ನಿಲ್ಲಿಸಬಾರದು. ಆಟಿಸಂ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಫಿಟ್ಸ್, ನಿದ್ರೆಯ ತೊಂದರೆ ಇದ್ದರೆ ಅದಕ್ಕೆ ವೈದ್ಯರು ಔಷಧಿ ಕೊಡುತ್ತಾರೆ. "ಮೂರು ತಿಂಗಳಲ್ಲಿ ವಾಸಿ ಮಾಡ್ತೇನೆ" ಎನ್ನುವವರ ಕೈಗೆ ಒಡವೆ ಅಡವಿಟ್ಟ ಹಣ ಕೊಡಬೇಡಿ.

ಮನೆಯಲ್ಲಿ ಏನು ಮಾಡಬಹುದು?

ಒಂದು, ದಿನದ ಕೆಲಸಗಳು ಒಂದೇ ಕ್ರಮದಲ್ಲಿ ನಡೆಯಲಿ. ಏಳುವುದು, ಹಲ್ಲುಜ್ಜುವುದು, ಸ್ನಾನ, ತಿಂಡಿ ಇವುಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ. ಮುಂದೇನು ಎಂದು ಗೊತ್ತಾದರೆ ಮಗುವಿನ ಗಾಬರಿ ಕಡಿಮೆಯಾಗುತ್ತದೆ.

ಎರಡು, ಚಿಕ್ಕ ಮಾತಿನಲ್ಲಿ ಹೇಳಿ. "ಬಾ, ಊಟ" ಎಂದರೆ ಸಾಕು. ಮಾತು ಬಾರದ ಮಗು ಲೋಟ ತೋರಿಸಿ ನೀರು ಕೇಳಿದರೂ ಅದು ಮಾತೇ. ಕೂಡಲೇ ಕೊಟ್ಟು "ನೀರು" ಎಂದು ಹೇಳಿ.

ಮೂರು, ಕೆಲಸವನ್ನು ತುಂಡು ತುಂಡು ಮಾಡಿ ಕಲಿಸಿ. ಅಂಗಿ ಹಾಕುವುದಾದರೆ ಮೊದಲು ಒಂದು ತೋಳು, ಆಮೇಲೆ ಇನ್ನೊಂದು. ಒಂದು ಹೆಜ್ಜೆ ಬಂದರೂ ಹೊಗಳಿ.

ನಾಲ್ಕು, ಹೊಡೆಯಬೇಡಿ. ಕುಕ್ಕರಿನ ಸೀಟಿ, ಪಟಾಕಿ, ಹಬ್ಬದ ಬ್ಯಾಂಡಿನ ಸದ್ದು ಕೆಲವು ಮಕ್ಕಳಿಗೆ ತಡೆಯಲಾಗದಷ್ಟು ಹಿಂಸೆ ಕೊಡುತ್ತದೆ. ಅವರು ಕಿರುಚುವುದು ಸೊಕ್ಕಿನಿಂದಲ್ಲ. ಸದ್ದಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ, ಶಾಂತವಾಗಲು ಬಿಡಿ.

ಐದು, ನೀರಿನ ಬಗ್ಗೆ ಎಚ್ಚರ. ಈ ಮಕ್ಕಳಲ್ಲಿ ಅನೇಕರು ಹೇಳದೆ ಮನೆಯಿಂದ ಹೊರಟುಬಿಡುತ್ತಾರೆ, ನೀರು ಕಂಡರೆ ಸೆಳೆತ ಹೆಚ್ಚು. ಬಾವಿಗೆ ಕಟ್ಟೆ, ಜಾಲರಿ ಇರಲಿ. ಕೃಷಿಹೊಂಡಕ್ಕೆ ಬೇಲಿ ಹಾಕಿಸಿ. ಮಗು ಕಾಣದಿದ್ದರೆ ಮೊದಲು ಕೆರೆ, ಬಾವಿ, ಹೊಳೆಯ ಕಡೆ ಓಡಿ.

ಸರ್ಕಾರದ ಸೌಲಭ್ಯಗಳು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧದ ಅಂಗವೈಕಲ್ಯಗಳಿವೆ, ಆಟಿಸಂ ಅವುಗಳಲ್ಲೊಂದು. ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಇದಕ್ಕೆ ಮೊದಲು ಬೇಕಾದದ್ದು ಯುಡಿಐಡಿ ಕಾರ್ಡ್. ನಿಮ್ಮ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯು., ಅರ್ಜಿ ಹಾಕಲು ಸಹಾಯ ಮಾಡುತ್ತಾರೆ. ಮಾಸಾಶನದ ಬಗ್ಗೆಯೂ ಅವರನ್ನೇ ಕೇಳಿ.

"ನನ್ನ ನಂತರ ಇವನನ್ನು ನೋಡೋರು ಯಾರು?" ಪ್ರತಿ ತಾಯಿಯೂ ಇದನ್ನು ಕೇಳುತ್ತಾಳೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಮಗುವಿಗೆ 18 ವರ್ಷ ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಲು ಅವಕಾಶವಿದೆ. ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಇದನ್ನು ವಯಸ್ಸಾಗುವವರೆಗೆ ಮುಂದೂಡಬೇಡಿ.

ಸಂಘ ಏನು ಮಾಡಬಹುದು?

ಇಂಥ ಮಗುವಿರುವ ತಾಯಿ ಮೊದಲು ಬಿಡುವುದು ಸಂಘದ ಸಭೆಯನ್ನು. ಮಗುವನ್ನು ಬಿಟ್ಟು ಬರಲಾಗದು, ಕರೆತಂದರೆ ಎಲ್ಲರೂ ನೋಡುತ್ತಾರೆ. ನಾವು ಗೈರುಹಾಜರಿಗೆ ದಂಡ ಹಾಕುತ್ತೇವೆ. ನಾಲ್ಕು ಸಲ ದಂಡ ಕಟ್ಟಿದವಳು ಐದನೇ ಸಲ ಸಂಘವನ್ನೇ ಬಿಡುತ್ತಾಳೆ. ಆಮೇಲೆ ಆಸ್ಪತ್ರೆ ಖರ್ಚಿಗೆ ಮೀಟರ್ ಬಡ್ಡಿಯೇ ಗತಿ. ಸಾಲ ಹೆಚ್ಚು ಬೇಕಾದ ಕಾಲದಲ್ಲೇ ಸಂಘ ಅವಳ ಕೈತಪ್ಪಿ ಹೋಗುತ್ತದೆ.

ಆದ್ದರಿಂದ ಮುಂದಿನ ಸಭೆಯಲ್ಲಿ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ: ಅವಳಿಗೆ ದಂಡ ಬೇಡ. ಆಗಾಗ ಅವಳ ಮನೆಯ ಜಗಲಿಯಲ್ಲೇ ಸಭೆ ಸೇರೋಣ. ತರಬೇತಿಗೆ ಹೋಗುವ ಬಸ್ ಖರ್ಚಿಗೆ ಆಂತರಿಕ ಸಾಲದಲ್ಲಿ ಮೊದಲ ಆದ್ಯತೆ ಕೊಡೋಣ. ಸರದಿಯಂತೆ ವಾರಕ್ಕೊಬ್ಬರು ಒಂದು ಗಂಟೆ ಮಗುವನ್ನು ನೋಡಿಕೊಳ್ಳೋಣ. ಮೊದಲ ದಿನ ಮಗು ನಮ್ಮ ಬಳಿ ಬಾರದಿರಬಹುದು. ಅದರ ಪಾಡಿಗೆ ಆಡಲು ಬಿಟ್ಟು ಪಕ್ಕದಲ್ಲಿ ಕುಳಿತರೆ ಸಾಕು, ನಿಧಾನವಾಗಿ ಗುರುತು ಹಿಡಿಯುತ್ತದೆ. ಆ ಒಂದು ಗಂಟೆಯಲ್ಲಿ ತಾಯಿ ಮಲಗಲಿ, ಸ್ನಾನ ಮಾಡಲಿ, ಸುಮ್ಮನೆ ಕೂರಲಿ. ಏನು ಮಾಡಿದೆ ಅಂತ ಕೇಳುವುದು ಬೇಡ.

ನಿಮ್ಮ ಮನೆಯ ಮದುವೆ, ಹಬ್ಬಕ್ಕೆ ಕರೆಯುವಾಗ ಮಗುವಿನ ಹೆಸರು ಹೇಳಿ ಕರೆಯಿರಿ. "ಮಗೂನ ಕರ್ಕೊಂಡೇ ಬಾಮ್ಮ" ಎನ್ನುವ ಒಂದು ಮಾತಿಗಾಗಿ ಎಷ್ಟೋ ತಾಯಂದಿರು ವರ್ಷಗಟ್ಟಲೆ ಕಾದಿದ್ದಾರೆ.