ಗೇರುಬೀಜ ಒಡೆಯುವವರು ಯಾರು?: ಆಫ್ರಿಕದ ವ್ಯಾಪಾರ ನೀತಿಯ ಒಂದು ಪಾಠ



ಆಫ್ರಿಕದ ವ್ಯಾಪಾರ ಮತ್ತು ಕೈಗಾರಿಕಾ ನೀತಿಯ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಿರಿ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡವನ್ನು ಒಂದು ಗಂಟೆಯಲ್ಲಿ ಸುತ್ತಿ ಬರಲು ಹೊರಟರೆ ಯಾವ ದೇಶದ ಮುಖವೂ ಸರಿಯಾಗಿ ಕಾಣದು. ಹಾಗಾಗಿ ನಾನು ಒಂದೇ ಬೆಳೆಯನ್ನು ಹಿಡಿದುಕೊಂಡಿದ್ದೇನೆ: ಗೇರು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಈ ಮರ ನಮ್ಮ ಪಶ್ಚಿಮ ಕರಾವಳಿಗೂ ಬಂತು, ಪೂರ್ವ ಆಫ್ರಿಕದ ಮೊಜಾಂಬಿಕ್‌ಗೂ ಹೋಯಿತು. ಇವತ್ತು ಮಂಗಳೂರು, ಕಾರ್ಕಳ, ಕುಂದಾಪುರದ ಕಡೆಯ ಕಾರ್ಖಾನೆಗಳಲ್ಲಿ ಒಡೆಯುವ ಬೀಜದಲ್ಲಿ ದೊಡ್ಡ ಪಾಲು ಆಫ್ರಿಕದಿಂದ ಹಡಗೇರಿ ಬಂದದ್ದು. ನಮ್ಮ ಗುಡ್ಡಗಳ ಬೆಳೆ ಆ ಕಾರ್ಖಾನೆಗಳಿಗೆ ವರ್ಷವಿಡೀ ಸಾಲುವುದಿಲ್ಲ.

ಜಗತ್ತಿನ ಕಚ್ಚಾ ಗೇರುಬೀಜದಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಯುವುದು ಆಫ್ರಿಕದಲ್ಲಿ. ಅದರಲ್ಲಿ ಬಹುಪಾಲು ಒಡೆಯದೆಯೇ ವಿಯೆಟ್ನಾಂಗೂ ಭಾರತಕ್ಕೂ ಹೊರಟುಹೋಗುತ್ತದೆ. ನಾಲ್ಕೈದು ಕಿಲೋ ಬೀಜ ಒಡೆದರೆ ಒಂದು ಕಿಲೋ ತಿರುಳು ಸಿಗುತ್ತದೆ; ಉಳಿದದ್ದೆಲ್ಲ ಸಿಪ್ಪೆ. ಅಂದರೆ ಹಡಗು ಸಾವಿರಾರು ಮೈಲಿ ಹೊತ್ತು ತರುವ ಸರಕಿನಲ್ಲಿ ಮುಕ್ಕಾಲು ಭಾಗ ಸಿಪ್ಪೆಯ ತೂಕ. ಬೆಳೆದಲ್ಲೇ ಒಡೆದರೆ ಈ ಸಾಗಣೆ ಖರ್ಚು ಉಳಿಯುತ್ತದೆ. ಬೇಯಿಸುವುದು, ಒಡೆಯುವುದು, ಒಣಗಿಸುವುದು, ಒಳಸಿಪ್ಪೆ ಸುಲಿಯುವುದು, ಗಾತ್ರ ನೋಡಿ ವಿಂಗಡಿಸುವುದು, ಇಷ್ಟೂ ಕೆಲಸ ಕೈಗಳನ್ನು ಬೇಡುತ್ತದೆ. ಓದು ಬರಹವಿಲ್ಲದ, ಬೇರೆ ಸಂಬಳ ಕಾಣದ ಹಳ್ಳಿಯ ಹೆಂಗಸಿಗೆ ತಿಂಗಳ ಕೂಲಿ ಕೊಡಬಲ್ಲ ಕೈಗಾರಿಕೆಗಳು ಹೆಚ್ಚಿಲ್ಲ, ಇದು ಅವುಗಳಲ್ಲೊಂದು. ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ, ಕೂಲಿಯೂ ಹೆಚ್ಚಿಲ್ಲ ಎಂಬುದು ನಮ್ಮ ಕರಾವಳಿಯವರಿಗೆ ನಾನು ಹೇಳಬೇಕಾದ ಮಾತಲ್ಲ. ಹಾಗಿದ್ದರೂ ಆ ಕೂಲಿಯಿಂದ ಎಷ್ಟು ಮನೆಗಳು ನಡೆದವು, ಎಷ್ಟು ಮಕ್ಕಳು ಶಾಲೆಗೆ ಹೋದರು ಎಂಬುದೂ ನಿಮಗೆ ಗೊತ್ತು. ಆ ಅವಕಾಶ ಬೆಳೆದ ನೆಲಕ್ಕೆ ಏಕೆ ಸಿಗಲಿಲ್ಲ ಎಂಬುದೇ ಇವತ್ತಿನ ಪ್ರಶ್ನೆ.

ಪ್ರಯತ್ನ ನಡೆಯದೆ ಇರಲಿಲ್ಲ. ಟಾಂಜಾನಿಯ 1970ರ ದಶಕದಲ್ಲೇ ವಿಶ್ವಬ್ಯಾಂಕಿನ ಸಾಲ ಪಡೆದು ದೊಡ್ಡ ದೊಡ್ಡ ಯಂತ್ರಗಳ ಕಾರ್ಖಾನೆಗಳನ್ನು ಕಟ್ಟಲು ಹೊರಟಿತು. ಯಂತ್ರಗಳು ಇಟಲಿ ಮತ್ತು ಜಪಾನಿನಿಂದ ಬಂದವು. ಅದೇ ಹೊತ್ತಿಗೆ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರ ‘ಉಜಾಮಾ’ ಎಂಬ ಸಮಾಜವಾದಿ ಯೋಜನೆಯಡಿ ರೈತರನ್ನು ಚದುರಿದ ವಾಸಗಳಿಂದ ಎಬ್ಬಿಸಿ ಹೊಸ ಊರುಗಳಲ್ಲಿ ನೆಲೆಗೊಳಿಸಲಾಯಿತು. ಮರಗಳು ಒಂದು ಕಡೆ, ಮನೆಗಳು ಇನ್ನೊಂದು ಕಡೆಯಾದವು. ಬೂದಿ ರೋಗವೂ ತಗುಲಿತು, ಸರ್ಕಾರಿ ಖರೀದಿಯ ಬೆಲೆಯೂ ಕುಸಿಯಿತು. 1973–74ರಲ್ಲಿ 1,45,000 ಟನ್ ಇದ್ದ ಬೆಳೆ 1986–87ರ ಹೊತ್ತಿಗೆ 20,000 ಟನ್ನಿಗಿಂತ ಕೆಳಗಿಳಿಯಿತು. ಕಾರ್ಖಾನೆಗಳು ಎದ್ದು ನಿಂತಾಗ ಒಡೆಯಲು ಬೀಜವೇ ಇರಲಿಲ್ಲ. ಅವುಗಳಲ್ಲಿ ಹಲವು ಸರಿಯಾಗಿ ಒಂದು ದಿನವೂ ನಡೆಯಲಿಲ್ಲ. ಮರದ ಬುಡದಲ್ಲಿರುವ ರೈತನನ್ನು ಮರೆತು ಕಟ್ಟಿದ ಕೈಗಾರಿಕೆಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಮೊಜಾಂಬಿಕ್‌ನ ಕಥೆ ಇನ್ನೊಂದು ಬಗೆಯದು. ಅದರ ಬಗ್ಗೆ ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಕರಾವಳಿಯೂ ಅದರಲ್ಲಿ ಒಂದು ಪಾತ್ರಧಾರಿ.

1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ವರ್ಷಕ್ಕೆ 2 ಲಕ್ಷ ಟನ್ನಿನಷ್ಟು ಗೇರುಬೀಜ ಬೆಳೆಯುತ್ತಿತ್ತು. ಆಗಿನ ಜಗತ್ತಿನಲ್ಲಿ ಅದೇ ಮೊದಲು. ಬೀಜ ಒಡೆಯುವ ಕಾರ್ಖಾನೆಗಳೂ ಅಲ್ಲಿದ್ದವು. 1975ರಲ್ಲಿ ಪೋರ್ಚುಗೀಸರಿಂದ ಸ್ವಾತಂತ್ರ್ಯ ಬಂತು. ಕೆಲವೇ ವರ್ಷಗಳಲ್ಲಿ ಕಚ್ಚಾ ಬೀಜದ ರಫ್ತನ್ನು ಸರ್ಕಾರ ನಿಷೇಧಿಸಿತು. ಬೀಜ ದೇಶದೊಳಗೇ ಒಡೆಯಲಿ ಎಂಬುದು ಅದರ ಆಶಯ. ಆದರೆ 1977ರಲ್ಲಿ ಶುರುವಾದ ಅಂತರ್ಯುದ್ಧ 1992ರವರೆಗೆ ನಡೆಯಿತು. ರೈತರು ಊರು ಬಿಟ್ಟು ಓಡಿದರು, ಮರಗಳು ಮುದಿಯಾದವು, ಹೊಸದು ನೆಡುವವರಿರಲಿಲ್ಲ, ಬೀಜ ಕೊಳ್ಳುತ್ತಿದ್ದ ಹಳ್ಳಿಯ ಅಂಗಡಿಕಾರರೂ ಮಾಯವಾದರು.

ಯುದ್ಧ ಮುಗಿದ ಮೇಲೆ ಸರ್ಕಾರ ಸೋತ ಕಾರ್ಖಾನೆಗಳನ್ನು ಖಾಸಗಿಯವರಿಗೆ ಮಾರಿತು. ಅವರು ಹಣ ಹಾಕಿ ಯಂತ್ರ ರಿಪೇರಿ ಮಾಡಿಸಲು ಕೈ ಹಚ್ಚಿದ್ದರಷ್ಟೆ. ವಿಶ್ವಬ್ಯಾಂಕ್ 1995ರಲ್ಲಿ ಸಾಲದ ಜೊತೆ ಒಂದು ಷರತ್ತು ಮುಂದಿಟ್ಟಿತು: ಕಚ್ಚಾ ಬೀಜದ ಮೇಲೆ ನಿಷೇಧದ ಜಾಗಕ್ಕೆ ಅಷ್ಟರಲ್ಲಿ ಬಂದಿದ್ದ ರಫ್ತು ತೆರಿಗೆಯನ್ನು ವರ್ಷ ವರ್ಷ ಇಳಿಸಬೇಕು. ಬ್ಯಾಂಕಿನ ವಾದದಲ್ಲಿ ತರ್ಕವಿರಲಿಲ್ಲ ಎನ್ನಲಾಗದು. ರಫ್ತಿಗೆ ತಡೆಯೊಡ್ಡಿ ಕಾರ್ಖಾನೆಗೆ ಅಗ್ಗದ ಬೀಜ ಕೊಡಿಸುತ್ತಿದ್ದೀರಿ, ಅದರ ಹೊರೆಯನ್ನು ಬಡ ರೈತ ಹೊರುತ್ತಿದ್ದಾನೆ. ಬಾಗಿಲು ತೆರೆಯಿರಿ, ರೈತನಿಗೆ ಜಾಗತಿಕ ಬೆಲೆ ಸಿಗಲಿ ಎಂಬುದು ಅವರ ಮಾತು. ತೆರಿಗೆ ಮೊದಲು ಶೇ 20ಕ್ಕೆ, ಆಮೇಲೆ ಶೇ 14ಕ್ಕೆ ಇಳಿಯಿತು.

ಬೀಜ ಭಾರತಕ್ಕೆ ಹೊರಟಿತು. ನಮ್ಮಲ್ಲಿ ಕೈಯಿಂದ ಒಡೆಯುತ್ತಿದ್ದರಿಂದ ಇಡೀ ತಿರುಳು ಹೆಚ್ಚು ಸಿಗುತ್ತಿತ್ತು, ಕೂಲಿಯೂ ಕಡಿಮೆ. ಮೊಜಾಂಬಿಕ್‌ನ ಯಂತ್ರಗಳು ತಿರುಳನ್ನು ಚೂರು ಮಾಡುತ್ತಿದ್ದವು. ಕಾರ್ಖಾನೆಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ಸುಮಾರು ಹತ್ತು ಸಾವಿರ ಕೆಲಸಗಾರರಲ್ಲಿ ಬಹುಪಾಲು ಮಂದಿ ಕೆಲಸ ಕಳೆದುಕೊಂಡರು. ಕಾರ್ಮಿಕ ಸಂಘಗಳು ಬೀದಿಗಿಳಿದವು. ಕಾರ್ಲೋಸ್ ಕಾರ್ಡೊಸೊ ಎಂಬ ದಿಟ್ಟ ಪತ್ರಕರ್ತ ತನ್ನ ಸಣ್ಣ ಪತ್ರಿಕೆಯಲ್ಲಿ ಇದರ ವಿರುದ್ಧ ಬಿಡದೆ ಬರೆದರು. 2000ದ ನವೆಂಬರ್‌ನಲ್ಲಿ, ಒಂದು ಬ್ಯಾಂಕ್ ಹಗರಣವನ್ನು ಬಯಲಿಗೆಳೆಯುತ್ತಿದ್ದಾಗ, ಅವರನ್ನು ಗುಂಡಿಟ್ಟು ಕೊಂದರು.

ಹಾಗಾದರೆ ರೈತನಿಗೆ ಎಷ್ಟು ಬಂತು? ಮಾರ್ಗರೆಟ್ ಮ್ಯಾಕ್‌ಮಿಲನ್, ಡ್ಯಾನಿ ರೋಡ್ರಿಕ್, ಕ್ಯಾರನ್ ಹಾರ್ನ್ ವೆಲ್ಚ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಈ ಲೆಕ್ಕವನ್ನು ಕೂಲಂಕಷವಾಗಿ ತೆಗೆದಿದ್ದಾರೆ. ಗೇರು ಬೆಳೆಯುವ ಒಂದು ಸಾಮಾನ್ಯ ಕುಟುಂಬಕ್ಕೆ ಸಿಕ್ಕ ಹೆಚ್ಚುವರಿ ಆದಾಯ ವರ್ಷಕ್ಕೆ ಹೆಚ್ಚೆಂದರೆ 5.30 ಡಾಲರ್. ವರ್ಷಕ್ಕೆ ಐದು ಡಾಲರ್! ಬೆಲೆ ಏರಿದ್ದರ ಲಾಭದಲ್ಲಿ ದೊಡ್ಡ ಪಾಲು ಹಳ್ಳಿಯಿಂದ ಬಂದರಿನವರೆಗೆ ಸಾಲಾಗಿ ನಿಂತ ವ್ಯಾಪಾರಿಗಳು ಮತ್ತು ರಫ್ತುದಾರರ ಕೈಯಲ್ಲೇ ಉಳಿಯಿತು. ರಸ್ತೆಯಿಲ್ಲದ ಊರಿಗೆ ಒಬ್ಬನೇ ವ್ಯಾಪಾರಿ ಬಂದರೆ ಅವನು ಹೇಳಿದ್ದೇ ಬೆಲೆ. ಮರಗಳು ಮುದಿಯಾಗಿದ್ದಾಗ, ರೈತನ ಬಳಿ ಎರಡು ಮೂರು ಚೀಲ ಮಾತ್ರ ಇದ್ದಾಗ, ಬೆಲೆ ಏರಿದರೂ ಇಳುವರಿ ಏರುವುದಿಲ್ಲ. ಪಟ್ಟಣದಲ್ಲಿ ಕೆಲಸ ಕಳೆದುಕೊಂಡವರ ನಷ್ಟವನ್ನು ಇದಕ್ಕೆದುರು ತೂಗಿದರೆ ದೇಶಕ್ಕೆ ಆದ ಒಟ್ಟು ಲಾಭ ಬಹುಪಾಲು ಅಲ್ಲಿಗೇ ಕರಗಿಹೋಗುತ್ತದೆ.

ನನ್ನ ತೀರ್ಮಾನವನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಷೇಧ ಬೇಕೋ ಮುಕ್ತ ರಫ್ತು ಬೇಕೋ ಎಂಬ ವಾದದಲ್ಲಿ ಆಫ್ರಿಕದ ಇಪ್ಪತ್ತು ಮೂವತ್ತು ವರ್ಷಗಳು ಕಳೆದುಹೋದವು. ಬೀಜಕ್ಕೆ ರೈತ ಎಷ್ಟು ಪಡೆಯುತ್ತಾನೆ, ಒಡೆಯುವ ಹೆಂಗಸು ಎಷ್ಟು ಪಡೆಯುತ್ತಾಳೆ ಎಂಬ ಎರಡು ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡದ ಯಾವ ನೀತಿಯೂ ಎಲ್ಲರನ್ನೂ ಒಳಗೊಳ್ಳುವ ಅಭಿವೃದ್ಧಿಯ ನೀತಿಯಾಗದು. ಟಾಂಜಾನಿಯದ ಸಮಾಜವಾದಿಗಳೂ ವಾಷಿಂಗ್ಟನ್ನಿನ ವಿಶ್ವಬ್ಯಾಂಕಿನ ಮಾರುಕಟ್ಟೆವಾದಿಗಳೂ ಈ ವಿಷಯದಲ್ಲಿ ಒಂದೇ ತಪ್ಪು ಮಾಡಿದರು.

ಮೊಜಾಂಬಿಕ್ ಪಾಠ ಕಲಿಯಿತು. 1999ರಲ್ಲಿ ಅಲ್ಲಿನ ಸಂಸತ್ತು ಕಚ್ಚಾ ಬೀಜದ ರಫ್ತಿನ ಮೇಲೆ ಮತ್ತೆ ಶೇ 18ರಿಂದ 22ರಷ್ಟು ತೆರಿಗೆ ಹಾಕಲು ಕಾನೂನು ಮಾಡಿತು. ಮುಂದಿನ ದಶಕದಲ್ಲಿ ನಂಪೂಲ ಪ್ರಾಂತ್ಯದ ಹಳ್ಳಿಗಳಲ್ಲಿ ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡವು. ಅಲ್ಲಿ ಬಳಸಿದ್ದು ಕೈಯಿಂದ ಒಡೆಯುವ ಸರಳ ಪದ್ಧತಿ. ಭಾರತದಲ್ಲಿ ಹಳೆಯದಾದ ಪದ್ಧತಿಯೇ. ದುಬಾರಿ ಯಂತ್ರಕ್ಕೆ ಸಾಧ್ಯವಾಗದ್ದು ಒಂದು ಒಡೆಯುವ ಮೇಜು ಮತ್ತು ತರಬೇತಿ ಪಡೆದ ಕೈಗಳಿಂದ ಸಾಧ್ಯವಾಯಿತು.

ಈಗ ಪಶ್ಚಿಮ ಆಫ್ರಿಕದ ಸರದಿ. ಐವರಿ ಕೋಸ್ಟ್ ಇಂದು ಕಚ್ಚಾ ಗೇರುಬೀಜದಲ್ಲಿ ಜಗತ್ತಿಗೇ ಮೊದಲು. ಅಲ್ಲಿನ ಹತ್ತಿ ಮತ್ತು ಗೇರು ಮಂಡಳಿ ಪ್ರತಿ ಹಂಗಾಮಿಗೂ ರೈತನಿಗೆ ಸಿಗಬೇಕಾದ ಕನಿಷ್ಠ ಬೆಲೆಯನ್ನು ಘೋಷಿಸುತ್ತದೆ, ಕಚ್ಚಾ ಬೀಜದ ರಫ್ತಿನ ಮೇಲೆ ತೆರಿಗೆ ಹಾಕುತ್ತದೆ, ದೇಶದೊಳಗೆ ತಿರುಳು ಮಾಡುವವರಿಗೆ ಸಹಾಯಧನ ಕೊಡುತ್ತದೆ. ಒಂದು ದಶಕದ ಹಿಂದೆ ಹತ್ತರಲ್ಲಿ ಒಂದು ಪಾಲು ಬೀಜವೂ ಅಲ್ಲಿ ಒಡೆಯುತ್ತಿರಲಿಲ್ಲ. ಈಗ ಐದರಲ್ಲಿ ಒಂದಕ್ಕೂ ಹೆಚ್ಚು ಒಡೆಯುತ್ತಾರೆ. ಬೆಲೆ, ತೆರಿಗೆ, ಸಹಾಯಧನ ಈ ಮೂರನ್ನೂ ಒಟ್ಟಿಗೆ ಮಾಡಿದ್ದೇ ಅಲ್ಲಿನ ಶಕ್ತಿ ಎಂದು ನಾನು ತಿಳಿದಿದ್ದೇನೆ. ಘೋಷಿಸಿದ ಬೆಲೆ ಎಲ್ಲ ಹಳ್ಳಿಗೂ ಮುಟ್ಟುತ್ತಿಲ್ಲ, ಬೆಲೆ ಸಿಗದ ಕಡೆ ಬೀಜ ಗಡಿ ದಾಟಿ ಹೋಗುತ್ತದೆ ಎಂಬುದು ನಿಜ. ಆದರೂ ದಾರಿ ಸರಿಯಿದೆ.

ಬೆನಿನ್ ಇನ್ನೂ ಕಟುವಾದ ಹೆಜ್ಜೆ ಇಟ್ಟಿತು. 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿ, ಕೊಟೊನು ನಗರದ ಸಮೀಪ ಗ್ಲೋ-ಜಿಗ್ಬೆಯಲ್ಲಿ ಕಟ್ಟಿದ ಕೈಗಾರಿಕಾ ವಲಯಕ್ಕೆ ಬೀಜ ಹೋಗಲಿ ಎಂದಿತು. ಕಾರ್ಖಾನೆಗಳ ಸಾಮರ್ಥ್ಯ ಬೆಳೆಗೆ ಸರಿಸಮವಾಗಿ ಬೆಳೆಯುವ ಮೊದಲೇ ಬಾಗಿಲು ಮುಚ್ಚಿದರೆ ಕೊಳ್ಳುವವರು ಕಡಿಮೆಯಾಗಿ ರೈತನ ಬೆಲೆ ಬೀಳುತ್ತದೆ. ಈ ವಿಷಯದಲ್ಲಿ ಬೆನಿನ್ ಬಗ್ಗೆ ನನಗೆ ಆತಂಕವಿದೆ.

ಇನ್ನು ನಮ್ಮ ಪಾಲು. ಭಾರತ ಸರ್ಕಾರ ಕಚ್ಚಾ ಗೇರುಬೀಜದ ಆಮದು ಸುಂಕವನ್ನು 2018ರಲ್ಲಿ ಶೇ 5ರಿಂದ 2.5ಕ್ಕೆ ಇಳಿಸಿತು, ಮರುವರ್ಷವೇ ತಿರುಳಿನ ಆಮದು ಸುಂಕವನ್ನು ಶೇ 45ರಿಂದ 70ಕ್ಕೆ ಏರಿಸಿತು. ಇದರ ಅರ್ಥ ಸ್ಪಷ್ಟ: ಬೀಜ ಕಳಿಸಿ, ತಿರುಳು ಕಳಿಸಬೇಡಿ. ನಮ್ಮ ಕೈಮಗ್ಗದ ಬಟ್ಟೆಗೆ ಬ್ರಿಟನ್ ಸುಂಕದ ಗೋಡೆ ಕಟ್ಟಿ ಹತ್ತಿಯನ್ನು ಮಾತ್ರ ಬಯಸಿದಾಗ ನಮ್ಮ ಹಿರಿಯರು ಎತ್ತಿದ ದೂರನ್ನು ನಾವು ಇಷ್ಟು ಬೇಗ ಮರೆಯಬಾರದು. ಅತಿ ಹಿಂದುಳಿದ ದೇಶಗಳಿಗಾಗಿ ಭಾರತ 2008ರಿಂದ ಸುಂಕ ರಿಯಾಯಿತಿ ಯೋಜನೆಯೊಂದನ್ನು ನಡೆಸುತ್ತಿದೆ. ಆದರೆ ಅತಿ ಹೆಚ್ಚು ಬೀಜ ಬೆಳೆಯುವ ಐವರಿ ಕೋಸ್ಟ್ ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರುವುದಿಲ್ಲ, ಹಾಗಾಗಿ ಆ ರಿಯಾಯಿತಿ ಅದಕ್ಕೆ ಸಿಗದು.

ಹಾಗೆಂದು ನಾಳೆಯೇ ತಿರುಳಿನ ಸುಂಕ ತೆಗೆದರೆ ಕರಾವಳಿಯ ಸಾವಿರಾರು ಹೆಂಗಸರು ಮೊಜಾಂಬಿಕ್‌ನ ಕಾರ್ಮಿಕರ ಗತಿಯನ್ನೇ ಕಾಣುತ್ತಾರೆ. ಅವರ ಕೂಲಿಯನ್ನು ಬಲಿಕೊಟ್ಟು ನಂಪೂಲದವರಿಗೆ ನ್ಯಾಯ ಕೊಡಿ ಎಂದು ನಾನು ಕೇಳಲಾರೆ. ಆದರೆ ಗೋಡಂಬಿಯನ್ನು ಅತಿ ಹೆಚ್ಚು ತಿನ್ನುವ ದೇಶ ಭಾರತವೇ. ಹುರಿಯುವುದು, ಮಸಾಲೆ ಹಚ್ಚುವುದು, ಸಿಹಿತಿಂಡಿಗೆ ಹದಮಾಡುವುದು, ಪೊಟ್ಟಣ ಕಟ್ಟುವುದು, ಮಾರುವುದು, ಇವೆಲ್ಲ ಇಲ್ಲೇ ಉಳಿಯುವ, ಇನ್ನೂ ಹೆಚ್ಚು ಬೆಲೆ ಕೊಡುವ ಕೆಲಸಗಳು. ಎಣ್ಣೆಗೆ ಕೈ ಸುಟ್ಟುಕೊಳ್ಳುವ ಕೆಲಸದಿಂದ ನಮ್ಮ ಹೆಂಗಸರನ್ನು ಈ ಕಡೆಗೆ ಹಂತ ಹಂತವಾಗಿ ತರುವ ಯೋಜನೆ ನಮ್ಮ ರಾಜ್ಯಕ್ಕೆ ಬೇಕು.

ಆಫ್ರಿಕದ ಕಾರ್ಖಾನೆಗಳಿಗೆ ಇನ್ನೊಂದು ದಾರಿಯೂ ಇದೆ. ಆಫ್ರಿಕ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2018ರಲ್ಲಿ ರುವಾಂಡದ ಕಿಗಾಲಿಯಲ್ಲಿ ಸಹಿ ಬಿತ್ತು, 2021ರ ಜನವರಿಯಿಂದ ಅದರಡಿ ವ್ಯಾಪಾರ ಶುರುವಾಯಿತು. ಅದರ ಬಗ್ಗೆ ಬೇರೆಯದೇ ಉಪನ್ಯಾಸ ಬೇಕು. ಐವರಿ ಕೋಸ್ಟ್‌ನ ಅಬಿಜಾನ್‌ನ ತಿರುಳು ಲಾಗೋಸ್‌ನ, ನೈರೋಬಿಯ ಅಂಗಡಿಗಳಲ್ಲೂ ಸುಂಕವಿಲ್ಲದೆ ಮಾರಾಟವಾದರೆ ಅಲ್ಲಿನ ಕಾರ್ಖಾನೆಗಳು ನಮ್ಮ ದಯೆಗೆ ಕಾಯಬೇಕಿಲ್ಲ ಎಂದಷ್ಟೇ ಇಲ್ಲಿ ಹೇಳುತ್ತೇನೆ.

ನಾವು ಕೊಡಬಲ್ಲದ್ದೂ ಇದೆ. ನಮ್ಮ ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಹೆಚ್ಚು ಇಳುವರಿಯ ತಳಿ, ಕಸಿ ಗಿಡ, ರೋಗದ ಹತೋಟಿ, ಇದೆಲ್ಲದರ ಅನುಭವ ಅಲ್ಲಿದೆ. ಆಫ್ರಿಕದ ರೈತನ ಮುದಿ ಮರಗಳಿಗೆ ಬೇಕಾದದ್ದು ಅದೇ. ಕಾರ್ಖಾನೆ ನಡೆಸುವ ಜಾಣ್ಮೆ ಮಂಗಳೂರಿನ ಉದ್ಯಮಿಗಳಲ್ಲಿದೆ. ಆಫ್ರಿಕದ ಬೀಜದಿಂದ ಬದುಕು ಕಟ್ಟಿಕೊಂಡ ಈ ಕರಾವಳಿ, ತಿರುಳಿನ ಸುಂಕವನ್ನು ಹತ್ತು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಸಿ ಎಂದು ದೆಹಲಿಯನ್ನು ತಾನೇ ಮುಂದಾಗಿ ಕೇಳಬೇಕು. ಅದರ ಜೊತೆಗೇ ಇಲ್ಲಿನ ಕಾರ್ಮಿಕರಿಗೆ ಹೊಸ ಕೆಲಸದ ತರಬೇತಿಯನ್ನೂ ಕೇಳಬೇಕು. ಈ ಎರಡು ಬೇಡಿಕೆಗಳನ್ನು ಒಂದೇ ಮನವಿಯಲ್ಲಿ ಬರೆದು ನಿಮ್ಮ ಸಂಸದರಿಗೆ ಕೊಡಿ ಎಂದು ಈ ಸಭೆಯನ್ನು ಕೇಳಿಕೊಳ್ಳುತ್ತೇನೆ.